ಗೇರ್ ಬಾಕ್ಸ್ ಇಳಿಸಿದ ಕೂಲಿ

ನಾನು ವಾಮದಪದವಿನಲ್ಲಿ ಬಸ್ಸಿಳಿಯುವಾಗ, ರಸ್ತೆಯ ಆಚೆ ಬದಿಯ ಗ್ಯಾರೇಜಿನಲ್ಲಿ ನನ್ನ ಅಣ್ಣ ಮೆಕ್ಯಾನಿಕ್‌ನ ಕುತ್ತಿಗೆಯನ್ನು ನಮ್ಮ ಕಾರಿನ ಬಾನೆಟ್ಟಿಗೆ ಒತ್ತಿ ಹಿಡಿದಿದ್ದ. ಮೆಕ್ಯಾನಿಕ್‌ನ ಬಾಯಿಯಿಂದ ಇಳಿದ ರಕ್ತ ಬಿಳಿ ಬಣ್ಣದ ಮೇಲೆ ಗೆರೆ ಎಳೆದಿತ್ತು. ಪಕ್ಕದ ಹೋಟೆಲಿನವರು ಚಹಾದ ಗ್ಲಾಸು ಹಿಡಿದುಕೊಂಡೇ ನೋಡುತ್ತಿದ್ದರು. ಅಣ್ಣನ ಇನ್ನೊಂದು ಕೈ, ಟಯರಿನ ಮೇಲಿದ್ದ ವೀಲ್ ಸ್ಪ್ಯಾನರಿಗೆ ಚಾಚಿತು.

ಓಡಿದೆ. ಸ್ಪ್ಯಾನರ್ ಹಿಡಿದು ಮೇಲೇರಿದ ಕೈಗೆ ಎರಡೂ ಕೈಯಿಂದ ಜೋತುಬಿದ್ದೆ. ಅವನ ಮೊಣಕೈ ನನ್ನ ಬಾಯಿಗೆ ಬಡಿದು ತುಟಿ ಒಡೆಯಿತು. ಆಮೇಲೆ ಹೋಟೆಲಿನ ಇಬ್ಬರು ಗ್ಲಾಸು ಇಟ್ಟು ಬಂದು ಅವನ ಸೊಂಟಕ್ಕೆ ಕೈ ಹಾಕಿ ಎಳೆದರು.

“ಬಿಡಿ ನನ್ನನ್ನು! ಈ ಬೇವರ್ಸಿಯ ತಲೆ ಒಡೀದೆ ನಾನು ಮನೆಗೆ ಹೋಗ್ಲಿಕ್ಕಿಲ್ಲ.”

“ತಲೆ ಒಡೆದ್ರೆ ಮನೆಗೂ ಇಲ್ಲ, ಗಲ್ಫಿಗೂ ಇಲ್ಲ. ಸೀದಾ ಜೈಲಿಗೆ,” ಎಂದೆ.

ಅಣ್ಣ ಬಾಡಿಗೆಗೆ ಕಾರು ಓಡಿಸುತ್ತಿದ್ದ. ಗಲ್ಫಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ಇವನ ಮೇಲೆ ಕೇಸು ಇಲ್ಲ ಎಂದು ಪೊಲೀಸರು ಕೊಡುವ ಸರ್ಟಿಫಿಕೇಟ್ ಒಂದು ಬಂದರೆ ವೀಸಾ. ಅತ್ತಿಗೆ ಏಳು ತಿಂಗಳ ಬಸುರಿ. ಒಂದು ಕೇಸು ಬಿದ್ದರೆ ಎಲ್ಲ ಮುಗಿಯಿತು.

ಮೆಕ್ಯಾನಿಕ್ ಎದ್ದು ನಿಂತು ಅಂಗೈಗೆ ಉಗುಳಿದ. ಉಗುಳಿನಲ್ಲಿ ಅರ್ಧ ಹಲ್ಲಿತ್ತು. ಅದನ್ನು ನೋಡಿ, ನನ್ನನ್ನು ನೋಡಿ, “ಅಕ್ಕ, ನಾನು ಸ್ಟೇಷನ್ನಿಗೆ ಹೋಗ್ತೇನೆ,” ಎಂದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು.

“ಹೋಗಿ ಮಾರಾಯ್ರೆ, ತಡೆಯುವುದಿಲ್ಲ. ಬಿಲ್ಲು ಒಮ್ಮೆ ನನಗೆ ಓದ್ಲಿಕ್ಕೆ ಬಿಡಿ. ಆಮೇಲೆ ಹೋಗಿ.”

ನಮ್ಮ ಮನೆಯಲ್ಲಿ ಬಿಲ್ಲು ಓದುವವರು ಇರಲಿಲ್ಲ, ಹರಿಯುವವರು ಇದ್ದರು. ಅಪ್ಪ ಲಾರಿಗೆ ಲೋಡು ಮಾಡುವವರು. ಯಾರಾದರೂ ಕಾಗದ ಮುಂದೆ ಹಿಡಿದರೆ ಮೋಸ ಮಾಡುತ್ತಿದ್ದಾರೆ ಎಂದೇ ಅವರ ಲೆಕ್ಕ. ಹೊರಗೆ ಹೊಡೆಯಲು ಧೈರ್ಯ ಸಾಲದ ದಿನ ಮನೆಗೆ ಬಂದು ಹೊಡೆಯುತ್ತಿದ್ದರು. ಅಮ್ಮ ಬೀಡಿ ಕಟ್ಟುವ ಮೊರ ಅಂಗಳಕ್ಕೆ ಹಾರಿದ್ದನ್ನು, ಹಿಂದೆಯೇ ಅಮ್ಮ ಬಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಾನು ಕಾಲೇಜಿಗೆ ಸೇರುತ್ತೇನೆ ಎಂದ ದಿನ ಅಪ್ಪ ಕತ್ತಿಯ ಹಿಡಿಯಿಂದ ನನಗೆ ಬೀಸಿದರು. ಅಡ್ಡ ನಿಂತವನು ಅಣ್ಣ. ಅವನ ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಆ ಹೊಲಿಗೆ ಬಿಚ್ಚುವ ಮೊದಲೇ ಅವನು ನನ್ನನ್ನು ಮೂಡಬಿದಿರೆಗೆ ಕರೆದುಕೊಂಡು ಹೋಗಿ ಅಡ್ಮಿಷನ್ ಮಾಡಿಸಿದ. ಬಿ.ಕಾಂ. ಮುಗಿಸಿದೆ. ನಮ್ಮ ಸಂಸಾರದಲ್ಲಿ ಅದು ಮೊದಲ ಡಿಗ್ರಿ. ಇದನ್ನು ನಾನು ಸಣ್ಣ ದನಿಯಲ್ಲಿ ಹೇಳುವವಳಲ್ಲ.

ಈಗ ನನ್ನ ಕೆಲಸವೇ ಬಿಲ್ಲು ಓದುವುದು. ಆಕ್ಸಿಡೆಂಟ್ ಆದ ಗಾಡಿಗಳಿಗೆ ಇನ್ಶೂರೆನ್ಸ್ ಎಷ್ಟು ಕೊಡಬೇಕೆಂದು ನೋಡುವ ಸರ್ವೇಯರ್ ಒಬ್ಬರ ಆಫೀಸಿನಲ್ಲಿದ್ದೇನೆ. ಪುತ್ತಿಗೆಯಿಂದ ಮಡಂತ್ಯಾರಿನವರೆಗಿನ ಗ್ಯಾರೇಜುಗಳ ಕಾಗದ ನನ್ನ ಮೇಜಿಗೆ ಬರುತ್ತದೆ. ಮೊದಲ ವರ್ಷ ಮೊತ್ತ ಮಾತ್ರ ನೋಡುತ್ತಿದ್ದೆ. ಮೊತ್ತ ಏನೂ ಹೇಳುವುದಿಲ್ಲ ಎಂದು ಬೈಸಿಕೊಂಡು ಕಲಿತೆ. ಸಾಮಾನು ಬೇರೆ, ಕೂಲಿ ಬೇರೆ ಮಾಡಬೇಕು. ಯಾವ ಕೂಲಿಗೆ ಯಾವ ಸಾಮಾನು ಎಂದು ಜೋಡಿಸಬೇಕು. ಹೊಸದು ಹಾಕಿದ್ದೇನೆ ಎಂದರೆ ಹಳೆಯದು ಎಲ್ಲಿ ಎಂದು ಕೇಳಬೇಕು. ಕೊನೆಗೆ ಬಗ್ಗಿ ಗಾಡಿಯ ಅಡಿ ನೋಡಬೇಕು. ಸೀರೆ ಉಟ್ಟುಕೊಂಡು ಗಾಡಿಯ ಅಡಿಗೆ ತಲೆ ಹಾಕಿದಾಗ ನಕ್ಕವರಿದ್ದಾರೆ. ನಗಲಿ.

ಗ್ಯಾರೇಜಿನ ಬೆಂಚಿನಲ್ಲಿ ಕೂತು ಬಿಲ್ಲು ಬಿಡಿಸಿದೆ. ಮೂಲೆಗೆ ರಕ್ತ ತಾಗಿತ್ತು. ಯಾರದೆಂದು ಗೊತ್ತಿಲ್ಲ, ನನ್ನ ತುಟಿಯದೂ ಇರಬಹುದು. ಅಣ್ಣನನ್ನು ಇಬ್ಬರು ಇನ್ನೂ ಹಿಡಿದುಕೊಂಡೇ ಇದ್ದರು.

“ಎಂತ ಆಯ್ತು ಹೇಳು,” ಎಂದೆ.

“ಕ್ಲಚ್ ಪ್ಲೇಟ್ ಒಂದು ಹಾಕು ಅಂತ ಹೇಳಿದ್ದು ನಾನು. ಒಂದು! ಇವ ಮೂರು ಸಾಮಾನು ಬರೆದಿದ್ದಾನೆ. ಮೇಲಿಂದ ಗೇರ್ ಬಾಕ್ಸ್ ಇಳಿಸಿದ ಕೂಲಿಯಂತೆ. ನನ್ನ ಗೇರ್ ಬಾಕ್ಸಿಗೆ ಎಂತದೂ ಆಗ್ಲಿಲ್ಲ. ಅದನ್ನು ಇಳಿಸು ಅಂತ ಹೇಳಿದ್ದು ಯಾರು, ಇವನ ಅಜ್ಜನಾ?”

“ಅಷ್ಟಕ್ಕೇ ಹೊಡೆದದ್ದಾ?”

ಅಣ್ಣನನ್ನು ಹಿಡಿದುಕೊಂಡಿದ್ದವರಲ್ಲಿ ಒಬ್ಬರು ಹೇಳಿದರು: “ಅಷ್ಟಕ್ಕೆ ಅಲ್ಲ ಅಕ್ಕ. ಈ ಮೆಕ್ಯಾನಿಕ್ ದೈವದ ಮಾತು ತೆಗೆದ.”

ಅವರು ಬಿಡಿಸಿ ಹೇಳಿದ ಮೇಲೆ ನನಗೆ ಪೂರ್ತಿ ತಿಳಿಯಿತು. ಮೂರು ಸಾಮಾನು ಯಾಕೆ ಎಂದು ಅಣ್ಣ ಕೇಳಿದಾಗ ಮೆಕ್ಯಾನಿಕ್ ಬಿಡಿಸಿ ಹೇಳಲಿಲ್ಲ. “ನಂಬಿಕೆ ಇಲ್ಲದಿದ್ರೆ ದೈವದ ಎದುರು ಬಾ. ಬಿಲ್ಲಿನಲ್ಲಿ ಬರೆದದ್ದೆಲ್ಲ ಸತ್ಯ ಅಂತ ಅಲ್ಲೇ ಹೇಳ್ತೇನೆ. ಸುಳ್ಳು ಯಾರದ್ದೋ ಅವರ ಮನೆಗೆ ತಟ್ಟಲಿ,” ಎಂದ. ನಮ್ಮ ಕಡೆ ಇದು ಬಾಯಿಮಾತಲ್ಲ. ಊರು ಕಾಯುವ ದೈವದ ಎದುರು ಇಟ್ಟ ದೂರು, ಆಣೆ ತಲೆಮಾರಿಗೂ ಬಿಡುವುದಿಲ್ಲ ಎಂದು ನಂಬಿ ಬದುಕುವವರು ನಾವು. ಅಣ್ಣನ ಕಣ್ಣೆದುರು ಬಂದದ್ದು ಅತ್ತಿಗೆಯ ಹೊಟ್ಟೆ. ಸಾಮಾನು ತೋರಿಸು ಎಂದು ಅವನೂ ಕೇಳಲಿಲ್ಲ. ಒಬ್ಬ ಕಾರಿನ ಮಾತನ್ನು ದೈವಕ್ಕೆ ಒಪ್ಪಿಸಿದ, ಇನ್ನೊಬ್ಬ ಮುಷ್ಟಿಗೆ.

“ಹಳೆ ಸಾಮಾನು ಎಲ್ಲಿ ಮಾರಾಯ್ರೆ?”

ಮೆಕ್ಯಾನಿಕ್ ಗಲ್ಲಕ್ಕೆ ಬಟ್ಟೆ ಒತ್ತಿಕೊಂಡು ಡಿಕ್ಕಿಯ ಕಡೆ ಕೈ ತೋರಿಸಿದ. ಅಲ್ಲಿ ಸಿಮೆಂಟಿನ ಖಾಲಿ ಚೀಲದಲ್ಲಿ ಕಟ್ಟಿಟ್ಟಿದ್ದ. ಅಣ್ಣ ಡಿಕ್ಕಿ ತೆರೆದೇ ಇರಲಿಲ್ಲ. ನಾನು ಚೀಲವನ್ನು ನೆಲಕ್ಕೆ ಕೊಡವಿದೆ.

“ಅಣ್ಣ, ಇಲ್ಲಿ ಬಾ. ಕೈ ಕಟ್ಟಿಕೊಂಡು ನೋಡು. ಇದು ನಿನ್ನ ಕ್ಲಚ್ ಪ್ಲೇಟ್, ಸವೆದು ರಿವೆಟ್ ಕಾಣ್ತದೆ. ಇದು ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಸುಟ್ಟು ನೀಲಿಯಾಗಿದೆ. ಇದು ಬೇರಿಂಗ್.” ಬೇರಿಂಗನ್ನು ಅವನ ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಮರಳು ಅರೆದ ಹಾಗೆ ಕಿರುಗುಟ್ಟಿತು. “ಇವುಗಳಲ್ಲಿ ಯಾವುದಕ್ಕೆ ಕೈ ಹಾಕಬೇಕಾದ್ರೂ ಗೇರ್ ಬಾಕ್ಸ್ ಇಳಿಸ್ಲೇಬೇಕು, ಬೇರೆ ದಾರಿ ಇಲ್ಲ. ಒಂದು ಹಾಕಿದ್ರೂ ಮೂರು ಹಾಕಿದ್ರೂ ಇಳಿಸಿದ ಕೂಲಿ ಒಂದೇ. ಬಿಲ್ಲಿನಲ್ಲಿಯೂ ಒಂದೇ ಕೂಲಿ ಉಂಟು. ಬರೆದ ರೇಟೂ ಸರಿ.”

“ಹಾಗಾದ್ರೆ ಅದನ್ನು ಇವ ಬಾಯಲ್ಲಿ ಹೇಳಬಾರದಿತ್ತಾ?”

“ನೀನು ಬಾಯಿ ಉಳಿಸಿದ್ರಲ್ವಾ ಹೇಳುವುದು!” ಎಂದು ಹೋಟೆಲಿನವನೊಬ್ಬ ನಕ್ಕ. ಅಣ್ಣ ತಿರುಗಿ ಅವನ ಕಡೆ ಒಂದು ಹೆಜ್ಜೆ ಇಟ್ಟ. ನಗು ನಿಂತಿತು.

ಬಿಲ್ಲಿನಲ್ಲಿ ಇನ್ನೊಂದು ಸಾಲು ಇತ್ತು. ಇಂಜಿನ್ ಮೌಂಟಿಂಗ್. ಇಂಜಿನ್ನನ್ನು ಕೂರಿಸುವ ರಬ್ಬರಿನ ತುಂಡು ಅದು. ಚೀಲದಲ್ಲಿ ಹಳೆಯ ಮೌಂಟಿಂಗ್ ಇರಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಕಾರಿನ ಅಡಿಗೆ ಬಗ್ಗಿದೆ. ಬೋಲ್ಟಿನ ಸುತ್ತ ಕೆಂಪು ಮಣ್ಣು, ಎಣ್ಣೆ ಕಲಸಿ ಗಟ್ಟಿಯಾಗಿತ್ತು. ಯಾವ ಸ್ಪ್ಯಾನರೂ ಅದನ್ನು ಮುಟ್ಟಿರಲಿಲ್ಲ. ರಬ್ಬರ್ ಬಿರಿದಿತ್ತು. ಅಣ್ಣ ಸರಿಯಾದ ಮೂರು ಸಾಲಿಗೆ ಹಲ್ಲು ಮುರಿದಿದ್ದ. ತಪ್ಪಿದ್ದ ಒಂದು ಸಾಲು ಅವನ ಕಣ್ಣಿಗೇ ಬಿದ್ದಿರಲಿಲ್ಲ.

ಅಣ್ಣನಿಗೆ ಕೇಳಿದರೆ ಈ ಸಲ ಸ್ಪ್ಯಾನರ್ ಇಳಿದೇ ಇಳಿಯುತ್ತದೆ. ಮೆಕ್ಯಾನಿಕ್‌ನನ್ನು ಮಾತ್ರ ಹತ್ತಿರ ಕರೆದೆ. “ಬಗ್ಗಿ ನೋಡಿ,” ಎಂದೆ, ದನಿ ಇಳಿಸಿ.

ಬಗ್ಗಿದವನು ಎದ್ದಾಗ ಮುಖ ಬಿಳಿಚಿಕೊಂಡಿತ್ತು. ಒಳಗೆ ಹೋಗಿ ಹಲಗೆಯ ಮೇಲಿಂದ ಒಂದು ಡಬ್ಬಿ ತಂದ. ಹೊಸ ಮೌಂಟಿಂಗ್, ಸೀಲ್ ಒಡೆಯದ್ದು. ಹಾಕಲು ಮರೆತದ್ದೋ, ಯಾರೂ ಕೇಳದಿದ್ದರೆ ಇನ್ನೊಂದು ಕಾರಿಗಾಯಿತು ಎಂದು ಇಟ್ಟದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟು ಕೈ ಮುಗಿದ. ಅಣ್ಣನ ಏಟಿಗೆ ಅವನು ಕೈ ಮುಗಿದಿರಲಿಲ್ಲ.

“ನಾನು ದೈವದ ಎದುರು ಹೇಳ್ತಿದ್ದೆ ಅಕ್ಕ,” ಎಂದ. “ಎಲ್ಲ ಸತ್ಯ ಅಂತ ಹೇಳಿಯೇ ಬಿಡ್ತಿದ್ದೆ. ನನಗೂ ಮಕ್ಕಳುಂಟು.”

“ಹೇಳ್ಲಿಲ್ಲ ಅಲ್ವಾ. ಈಗ ಮಾತು ಹಿಂದೆ ತಕ್ಕೊಳ್ಳಿ.”

ಅವನು ಅಣ್ಣನ ಎದುರು ಹೋಗಿ ನಿಂತ. “ನಾನು ತೆಗೆದ ಮಾತು ವಾಪಸು ತಕ್ಕೊಂಡೆ. ಮೌಂಟಿಂಗ್ ಹಾಕಿಲ್ಲ, ಈಗ ಹಾಕ್ತೇನೆ. ನಿನ್ನ ಮನೆಗೆ ಎಂತದೂ ತಟ್ಟುವುದು ಬೇಡ.” ಆಮೇಲೆ ನನ್ನ ಕಡೆ ತಿರುಗಿದ. “ನನ್ನ ಲೆಕ್ಕ ಆಯ್ತು. ಹಲ್ಲಿನದ್ದು ಯಾರು ನೋಡುವುದು?”

“ಡಾಕ್ಟರ ಖರ್ಚು ಪೂರ್ತಿ ನಮ್ಮದು.”

“ಖರ್ಚು ಬೇಡ. ಎಲ್ಲರ ಎದುರು ಹೊಡೆದ. ಎಲ್ಲರ ಎದುರು ನಿಂತು ನನ್ನ ಏಟೂ ತಿನ್ನಲಿ. ಆಮೇಲೆ ಸ್ಟೇಷನ್ನೂ ಇಲ್ಲ, ಎಂತದೂ ಇಲ್ಲ.”

ಅಣ್ಣ ನನ್ನನ್ನು ನೋಡಿದ. “ಬೇಡ ಅಂತ ಹೇಳು ತಂಗಿ. ನನ್ನ ಕೈ ಸುಮ್ಮನೆ ನಿಲ್ಲುವುದಿಲ್ಲ.”

“ನಿಲ್ಲಿಸು,” ಎಂದೆ.

ಬಲಗೆನ್ನೆಗೆ ಬಿದ್ದ ಮೆಕ್ಯಾನಿಕ್‌ನ ಮೊದಲ ಏಟಿನ ಸದ್ದು ಹೋಟೆಲಿನ ಗೋಡೆಗೆ ಹೋಗಿ ಬಂತು. ಅಣ್ಣನ ಮುಷ್ಟಿ ಕಟ್ಟಿತು, ಕತ್ತಿನ ನರ ಎದ್ದಿತು. ಕೈ ಎತ್ತಿದ್ದರೆ ವೀಸಾ ಅಲ್ಲೇ ಸಾಯುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಎರಡನೆಯದು ಹಿಂಗೈಯಿಂದ ಬಾಯಿಗೇ ಬಿತ್ತು. ಅಣ್ಣ ಹಿಂದಕ್ಕೆ ತೂರಾಡಿ ಕಾರಿಗೆ ಒರಗಿ ನಿಂತ. ಮುಷ್ಟಿಯನ್ನು ಬೆನ್ನ ಹಿಂದೆ ಒಯ್ದು ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡ. ಮೆಕ್ಯಾನಿಕ್ ಮತ್ತೆ ಕೈ ಎತ್ತಿದ.

“ಸಾಕು,” ಎಂದೆ. “ಇನ್ನು ಹೊಡೆದ್ರೆ ಅದು ಬಿಲ್ಲಿನಲ್ಲಿ ಇಲ್ಲದ್ದು.”

ಎತ್ತಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅವನು ಜ್ಯಾಕ್ ಎಳೆದುಕೊಂಡು ಕಾರಿನ ಅಡಿಗೆ ಹೋದ. ಮೌಂಟಿಂಗ್ ಹಾಕಿ ಮುಗಿಸಿದ. ಬಿಲ್ಲಿನ ಮೊತ್ತವನ್ನು ನಾನೇ ಕೊಟ್ಟೆ, ಕಡಿಮೆ ಮಾಡಿ ಎಂದು ಕೇಳಲಿಲ್ಲ. ಅವನು ಸ್ಟೇಷನ್ನಿಗೆ ಹೋಗಲಿಲ್ಲ. ಅಣ್ಣನ ಸರ್ಟಿಫಿಕೇಟ್ ಬಂತು.

ಅದು ಆಮೇಲಿನ ಮಾತು. ಆವತ್ತು ಮನೆಯ ದಾರಿಯಲ್ಲಿ, ಏರು ಶುರುವಾಗುವಲ್ಲಿ ಅಣ್ಣ ಕಾರು ನಿಲ್ಲಿಸಿ ಸ್ಟಿಯರಿಂಗಿಗೆ ಮುಷ್ಟಿಯಿಂದ ಗುದ್ದಿದ, ಮತ್ತೆ ಗುದ್ದಿದ, ಹಾರ್ನ್ ಕಿರುಚುವ ಹಾಗೆ.

“ನೀನು ನಿಂತು ನನಗೆ ಹೊಡೆಸಿದೆ.”

“ಹೌದು.”

ಕಿಟಕಿಯಿಂದ ಹೊರಗೆ ರಕ್ತ ಉಗುಳಿ, ಮೊದಲ ಗೇರ್ ಹಾಕಿ, ಕ್ಲಚ್ ಬಿಟ್ಟ. ಕಾರು ಒಂದಿಷ್ಟೂ ಜಾರದೆ ಏರು ಹತ್ತಿತು.

“ಆ ಬೇರಿಂಗ್ ಒಂದು ಹಾಗೇ ಬಿಟ್ಟಿದ್ರೆ?” ಎಂದು ಕೇಳಿದ, ನನ್ನನ್ನು ನೋಡದೆ.

“ಮಳೆಗಾಲದೊಳಗೆ ಹೋಗ್ತಿತ್ತು. ಮತ್ತೆ ಗೇರ್ ಬಾಕ್ಸ್ ಇಳಿಸಬೇಕು, ಮತ್ತೆ ಅಷ್ಟೇ ಕೂಲಿ.”

“ಮತ್ತೆ ನಾನು ಹೊಡೀತಿದ್ದೆ,” ಎಂದ.