ಆ ಪಾತ್ ಸಾಲು ಬರೆದವನು ನಾನು

ಸದಾನಂದ, ಆ ಕಂಪ್ಯೂಟರನ್ನು ಕೆಡಿಸಿದ್ದು ನೀವಲ್ಲ, ನಾನು. ಅದು ಗೊತ್ತಿದ್ದೂ ನಿಮ್ಮ ಹೆಸರು ಹೇಳಿದೆ. ಇಷ್ಟು ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು.

ಎಂಬತ್ತರ ದಶಕದ ಮಾತು. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಬಿಡಿಭಾಗ ಮಾರುವ ನಮ್ಮ ಕಂಪನಿಗೆ ಮೊದಲ ಕಂಪ್ಯೂಟರ್ ಬಂದಿತ್ತು. ನಾನು ಮೈಸೂರಿನ ಬರೀ ಬಿ.ಎಸ್ಸಿ.; ಆರು ತಿಂಗಳ ಒಂದು ಕೋರ್ಸ್ ಮಾಡಿದ್ದೆನೆಂದು ಆಫೀಸೆಲ್ಲ ನನ್ನನ್ನು ‘ಮುಹಂದಿಸ್’, ಅಂದರೆ ಇಂಜಿನಿಯರ್, ಎಂದು ಕರೆಯುತ್ತಿತ್ತು. ಅಲ್ಲ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ನೀವು ಕಾರ್ಕಳದ ಕಡೆಯ ಟೈಪಿಸ್ಟ್. ಕಂಪ್ಯೂಟರಿನಲ್ಲಿ ಪತ್ರ ಬರೆಯುವುದನ್ನು ಕಲಿತು ತೋರಿಸಿದರೆ ನಿಮ್ಮ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಆಪರೇಟರ್ ಎಂದು ಬರೆಸುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರು. ಆ ಹುದ್ದೆ, ಆ ಸಂಬಳ ಸಿಕ್ಕಿದರೆ ಫ್ಯಾಮಿಲಿ ವೀಸಾ. ಸುಮತಿಯವರ ಪಾಸ್‌ಪೋರ್ಟ್ ಊರಿನಲ್ಲಿ ಆಗಲೇ ತಯಾರಾಗಿತ್ತು. ನಿಮಗೆ ಮದುವೆಯಾಗಿ ಎರಡು ವರ್ಷ. ಒಟ್ಟಿಗಿದ್ದದ್ದು ನಲವತ್ತು ದಿನ.

ಒಂದೇ ಕಂಪ್ಯೂಟರ್, ಮೂರು ಜನ. ನೀವು ಪತ್ರ ಬರೆಯುವ ಎಡಿಟರ್ ಪ್ರೋಗ್ರಾಂ ನಿಮ್ಮ ಡೈರೆಕ್ಟರಿಯಲ್ಲೇ ಇತ್ತು. ಸ್ಪೆಲ್ ಚೆಕ್ಕರ್ ಮಾತ್ರ ಎಲ್ಲರಿಗೂ ಬೇಕೆಂದು ಬೇರೆ ಕಡೆ ಇಟ್ಟಿದ್ದೆವು. ಅದು ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಳಿಕೊಡುವುದು ‘ಪಾತ್’ ಎಂಬ ಒಂದು ಸಾಲು. ಆನ್ ಮಾಡಿದೊಡನೆ ಕಂಪ್ಯೂಟರ್ ಅದನ್ನು ಓದಿಕೊಳ್ಳುತ್ತದೆ. ಹಿಂದಿನ ಸಂಜೆ ನಾನು ಬಿಡಿಭಾಗಗಳ ಪಟ್ಟಿಯ ಹೊಸ ಪ್ರೋಗ್ರಾಂ ಹಾಕಿ, ಅದಕ್ಕೆಂದು ಕೆಳಗೆ ಇನ್ನೊಂದು ಪಾತ್ ಸಾಲು ಬರೆದೆ. ಎರಡೂ ಕೂಡಿಕೊಳ್ಳುತ್ತವೆ ಎಂದುಕೊಂಡಿದ್ದೆ. ಕೂಡಿಕೊಳ್ಳುವುದಿಲ್ಲ — ಎರಡನೆಯದು ಬಂದರೆ ಮೊದಲನೆಯದು ಇಲ್ಲವಾಗುತ್ತದೆ. ಕೈಪಿಡಿ ತೆರೆದಿದ್ದರೆ ಸಾಕಿತ್ತು. ಮುಹಂದಿಸ್ ಕೈಪಿಡಿ ನೋಡುವುದುಂಟೇ!

ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಕಫೀಲ್, ಕಂಪನಿಯ ಧಣಿ, ಬಂದುಬಿಟ್ಟರು. ಹೊಸ ಯಂತ್ರ ನೋಡಬೇಕಂತೆ. ನೀವು ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಿದ್ದಿರಿ. ಒಂದು ಪುಟದ ಪತ್ರ ಚಕಚಕನೆ ಟೈಪ್ ಮಾಡಿದಿರಿ, ಸ್ಪೆಲ್ ಚೆಕ್ಕರನ್ನು ಕರೆದಿರಿ. ಪರದೆಯ ಮೇಲೆ ಬಂದದ್ದು: ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್. ಮತ್ತೆ ಕರೆದಿರಿ. ಮತ್ತೆ ಅದೇ. ಕಫೀಲ್ ನಕ್ಕರು, ಮ್ಯಾನೇಜರ್ ಮುಖ ಕಪ್ಪಿಟ್ಟಿತು.

“ನಿನ್ನೆ ಸರಿ ಇತ್ತು ಮಾರಾಯ್ರೆ, ನಾನು ಎಂತ ಸಾ ಮುಟ್ಲಿಲ್ಲ,” ಎಂದಿರಿ, ನನ್ನ ಕಡೆ ತಿರುಗಿ. ಮ್ಯಾನೇಜರ್ ನಿಮ್ಮನ್ನು ಎಬ್ಬಿಸಿ ನನ್ನನ್ನು ಕೂರಿಸಿದರು. ಪಾತ್ ಸಾಲು ಇರುವ ಫೈಲ್ ತೆರೆದೆ — ಪರದೆಯ ಮೇಲೆ ನನ್ನದೇ ಸಾಲು. ಕಿವಿ ಮುಚ್ಚಿಕೊಂಡಂತಾಯಿತು, ಎ.ಸಿ.ಯ ಸದ್ದೂ ಕೇಳಿಸಲಿಲ್ಲ. ಹಿಂದಿನಿಂದ ಮ್ಯಾನೇಜರ್, “ಹೂ ಡಿಡ್ ದಿಸ್?” ಎಂದರು.

“ಸದಾನಂದ,” ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂದ ಮೇಲೆ ನನಗೇ ದಿಗಿಲಾಯಿತು — ಇದನ್ನು ಹೇಳಿದ್ದು ಯಾರು, ನಾನೇ? ವಾಪಸ್ ತೆಗೆದುಕೊಳ್ಳಲು ಸಮಯವಿತ್ತು. ಎರಡು ಸಾಲು ಕೂಡಿಸಿ ಒಂದು ಮಾಡಲು ಹಿಡಿದ ಎರಡು ನಿಮಿಷವೂ ಇತ್ತು. ನನ್ನ ಹೆಂಡತಿಯ ವೀಸಾ ಕಾಗದ ಅದೇ ಮ್ಯಾನೇಜರ್ ಮೇಜಿನ ಮೇಲಿತ್ತು... ಇದು ನೆಪವಲ್ಲ ಎನ್ನೋಣವೆಂದರೆ, ನೆಪವೇ. ಸ್ಪೆಲ್ ಚೆಕ್ಕರ್ ಓಡಿತು. “ಮಾಶಾ ಅಲ್ಲಾ, ಮುಹಂದಿಸ್!” ಎಂದು ಕಫೀಲ್ ಬೆನ್ನು ತಟ್ಟಿದರು. ಮ್ಯಾನೇಜರ್ ನಿಮ್ಮ ಕಡೆ ನೋಡದೆಯೇ, “ಖಲಾಸ್. ಹಿ ಗೋ ಸುಲೈಬಿಯಾ,” ಎಂದರು. ಸುಲೈಬಿಯಾದಲ್ಲಿ ನಮ್ಮ ಗೋದಾಮು. ಒಂದು ಕೋಣೆಗೆ ಎಂಟು ಮಂಚ.

ಅಂದು ನಿಮ್ಮ ಕೋಣೆಯಲ್ಲಿ ಸಾಮಾನು ಕಟ್ಟುವಾಗ ನೀವು ಕೇಳಿದಿರಿ: “ನನ್ನ ಕೈಯಿಂದಲೇ ಹೋದದ್ದಾ ಅದು?” ಮ್ಯಾನೇಜರ್ ಮುಂದೆ ನಾನು ಆಡಿದ್ದು ಹೆದರಿಕೆಯ ಮಾತು. ಆದರೆ ಈಗ ಕೋಣೆಯಲ್ಲಿ ನಾವಿಬ್ಬರೇ. “ಹೊಸ ಮಿಷನ್ನು, ಆಗುತ್ತೆ ಬಿಡಿ,” ಎಂದೆ. ನೀವು ನನಗೆ ಥ್ಯಾಂಕ್ಸ್ ಹೇಳಿದಿರಿ.

ಆ ವರ್ಷವೇ ನನ್ನ ಹೆಂಡತಿ ಬಂದಳು. ಶುಕ್ರವಾರಗಳಲ್ಲಿ ನೀವು ಬಸ್ ಹಿಡಿದು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಿರಿ, ಅವಳ ಸಾರು ಹೊಗಳುತ್ತಿದ್ದಿರಿ. ನಾನು ಬಡಿಸುತ್ತಿದ್ದೆ. ಹೇಗೆ ಬಡಿಸಿದೆನೋ! ಯುದ್ಧ ಬಂದು ಎಲ್ಲರೂ ಉಟ್ಟ ಬಟ್ಟೆಯಲ್ಲಿ ಓಡಿಬರುವವರೆಗೂ ನೀವು ಗೋದಾಮಿನಲ್ಲೇ ಇದ್ದಿರಿ. ಸುಮತಿಯವರ ಪಾಸ್‌ಪೋರ್ಟಿನ ಮೇಲೆ ಒಂದು ಸೀಲೂ ಬೀಳಲಿಲ್ಲ.

ಹೋದ ತಿಂಗಳು ಮಂಗಳೂರಿನ ಮದುವೆ ಮನೆಯಲ್ಲಿ ಸಿಕ್ಕಿದಿರಿ. ಯಾರೋ ನಿಮ್ಮ ಮುಂದೆ ಫೋನ್ ಚಾಚಿ ಒಂದು ಫೋಟೋ ತೆಗೆಯಲು ಹೇಳಿದರು. ನೀವು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಿರಿ. “ಬೇಡ ಬೇಡ, ನಾನು ಮುಟ್ಟಿದ್ರೆ ಹಾಳಾಗ್ತದೆ. ಕುವೈತಿನಲ್ಲಿ ಒಮ್ಮೆ ಕಂಪ್ಯೂಟರೇ ಹಾಳು ಮಾಡಿದ್ದೇನೆ, ಇವರನ್ನು ಕೇಳಿ,” ಎಂದು ನನ್ನನ್ನು ತೋರಿಸಿ ನಕ್ಕಿರಿ. ಪಕ್ಕದಲ್ಲಿದ್ದ ಸುಮತಿಯವರು, “ಬ್ಯಾಂಕಿನ ಮಿಷನ್ ಸಾ ಮುಟ್ಟುದಿಲ್ಲ ಇವರು. ಅಂದಿನಿಂದ,” ಎಂದರು. ಅವರು ನಗಲಿಲ್ಲ.

ಕೆಲಸ ಹೋಯಿತು, ವೀಸಾ ಹೋಯಿತು, ಇಷ್ಟೇ ನನ್ನ ತಪ್ಪು ಎಂದು ತಿಳಿದಿದ್ದೆ ನಾನು, ಇಷ್ಟು ವರ್ಷ. ನೀವು ನಿಮ್ಮ ಕೈಯನ್ನೇ ನಂಬದೆ ಬದುಕಿದ್ದೀರಿ ಎಂದು... ಆ ನಿಮಿಷಕ್ಕಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಕ್ಕೆ, ಸದಾನಂದ. ಎಲ್ಲರ ಜೊತೆ ನಾನೂ ನಕ್ಕೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬಂದು ನಿಮ್ಮಿಬ್ಬರ ಎದುರು ನಾನೇ ಓದುತ್ತೇನೆ. ಸುಮತಿಯವರು ಎದ್ದು ಹೋಗು ಎಂದರೆ ಹೋಗುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಮಾತು ಅವರ ಕಿವಿಗೆ ಬೀಳಬೇಕು: ನೀವು ಏನನ್ನೂ ಮುಟ್ಟಿರಲಿಲ್ಲ. ನಿಮ್ಮ ಕೈಯಿಂದ ಏನೂ ಹಾಳಾಗಿರಲಿಲ್ಲ.