ಬದಲಿ ವ್ಯವಸ್ಥೆ

ನಮ್ಮ ಶಾಲೆಯ ರಜಾ ಅರ್ಜಿಯ ಕೊನೆಯಲ್ಲಿ ಬೆರಳಗಲದ ಒಂದು ಚೌಕವಿದೆ: 'ಬದಲಿ ವ್ಯವಸ್ಥೆ'. ರಜೆ ಬೇಕಾದವರು ತಮ್ಮ ತರಗತಿಗಳನ್ನು ಯಾರು ತೆಗೆದುಕೊಳ್ಳುತ್ತಾರೆಂದು ಅಲ್ಲಿ ಬರೆದು, ಅವರ ಸಹಿ ಹಾಕಿಸಿಯೇ ಅರ್ಜಿ ಕೊಡಬೇಕು. ಜ್ವರ ಬಂದವಳು ಜ್ವರವಿಲ್ಲದವರನ್ನು ಹುಡುಕುತ್ತ ಸ್ಟಾಫ್ ರೂಮಿನಿಂದ ಲ್ಯಾಬಿಗೆ, ಲ್ಯಾಬಿನಿಂದ ಮೈದಾನಕ್ಕೆ ಅಲೆಯುವ ದೃಶ್ಯವನ್ನು ನೀವೂ ಕಂಡಿರಬಹುದು. ಒಮ್ಮೆ ಹಾಗೆ ಅಲೆದು ಸಹಿ ಸಂಪಾದಿಸುವಷ್ಟರಲ್ಲಿ ಬೆವರಿ ನನ್ನ ಜ್ವರವೇ ಇಳಿದುಹೋಗಿ, ರಜೆ ವ್ಯರ್ಥವಾಗಬಾರದೆಂದು ಕಾಪು ಕಡಲ ತೀರದಲ್ಲಿ ಕುಳಿತು ಬಂದಿದ್ದೆ. ಇದು ನಡೆದದ್ದೋ, ಹೇಳಿ ಹೇಳಿ ನಡೆದಂತಾದದ್ದೋ, ಈಗ ಖಾತ್ರಿಯಿಲ್ಲ. ನನ್ನ ನೆನಪಿನ ಯೋಗ್ಯತೆ ಏನೆಂಬುದು ನಿಮಗೆ ಮುಂದೆ ತಿಳಿಯುತ್ತದೆ.

ಈ ಚೌಕ ಈಚೆಗೆ ಪ್ರಮೀಳಾಳ ದಾರಿಗೆ ಅಡ್ಡ ಬಂತು. ನಮ್ಮ ಗಣಿತದ ಟೀಚರ್. ಬಜಗೋಳಿಯಿಂದ ಎರಡು ಬಸ್ಸು ಹತ್ತಿಳಿದು ಮಣಿಪಾಲಕ್ಕೆ ಬರುವವಳು. ಏಳು ತಿಂಗಳು ತುಂಬಿದಾಗ ಸ್ಟಾಫ್ ರೂಮಿನಲ್ಲೇ ಅವಳಿಗೆ ಸೀಮಂತ ಮಾಡಿದೆವು. ಹಸಿರು ಬಳೆ, ಐದು ಬಗೆಯ ಸಿಹಿ, ಉಡುಪಿಯಿಂದ ತರಿಸಿದ, ಬಾಳೆನಾರಿನಲ್ಲಿ ಕಟ್ಟಿದ ಒಂದಿಡೀ ಅಟ್ಟೆ ಮಲ್ಲಿಗೆ. ಶಾಲೆಯ ಸಂಚಾಲಕರು ಖುದ್ದಾಗಿ ಅಕ್ಷತೆ ಹಾಕಿ, "ಎಂತ ಬೇಕಾದರೂ ಸಂಕೋಚ ಇಲ್ಲದೆ ಕೇಳಬೇಕು ಆಯ್ತಾ? ಶಾಲೆ ಅಂದರೆ ನಿಮ್ಮ ತವರುಮನೆ" ಎಂದರು. ಫೋಟೋ ವಾಟ್ಸಾಪ್ ಗುಂಪಿಗೂ ಬಂತು.

ಮುಂದಿನ ವಾರ ಅವಳ ರಕ್ತದೊತ್ತಡ ಏರಿತು. ಇನ್ನು ಬಸ್ಸು ಹತ್ತಿದರೆ ಮಗುವಿಗೂ ನಿಮಗೂ ಅಪಾಯ, ಮಲಗಿಯೇ ಇರಬೇಕು ಎಂದರು ಡಾಕ್ಟರು. ಪ್ರಮೀಳಾ ಸಂಕೋಚವಿಲ್ಲದೆ ಕೇಳಿಯೇಬಿಟ್ಟಳು: ಸಂಬಳ ಸಹಿತ ಹೆರಿಗೆ ರಜೆ, ಈಗಿನಿಂದಲೇ. ಕಾನೂನು ಇಪ್ಪತ್ತಾರು ವಾರ ಎನ್ನುತ್ತದೆ, ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮೊದಲೇ ಪಡೆಯಬಹುದು ಎನ್ನುತ್ತದೆ. ತವರುಮನೆ ಬೇರೆಯೇ ಹೇಳಿತು: "ಅಷ್ಟು ವಾರಕ್ಕೆ ಬದಲಿ ಯಾರುಂಟು? ರಾಜೀನಾಮೆ ಕೊಡಿ. ಮಗು ದೊಡ್ಡದಾದ ಮೇಲೆ ಹೊಸದಾಗಿ ಸೇರಿಸಿಕೊಳ್ಳುವ. ಎಲ್ಲರೂ ಹೀಗೇ ಮಾಡಿದ್ದಲ್ವಾ?"

ನೋಡಿ ಬರೆಯಲಿಕ್ಕೆಂದು ಸಂಚಾಲಕರು ಹಳೆಯ ಕಡತದಿಂದ ಒಂದು ಮಾದರಿ ಪತ್ರವನ್ನೂ ತೆಗೆದುಕೊಟ್ಟರು. ಪ್ರಮೀಳಾ ಅದನ್ನು ನನ್ನ ಮೇಜಿನ ಮೇಲಿಟ್ಟಳು.

"ಅಕ್ಕಾ, ಇದು ನಿಮ್ಮ ಅಕ್ಷರ ಅಲ್ವಾ?"

ನನ್ನದೇ. ಹದಿನೆಂಟು ವರ್ಷದ ಹಿಂದೆ, ಮಗಳು ಹೊಟ್ಟೆಯಲ್ಲಿದ್ದಾಗ, ಇದೇ ಸಂಚಾಲಕರಿಗೆ ಬರೆದದ್ದು. ಆಗ ಮೇಜು ಕುಟ್ಟಿ ಜಗಳವಾಡಿ ರಾಜೀನಾಮೆಯನ್ನು ಅವರ ಮುಖಕ್ಕೆ ಎಸೆದು ಬಂದೆನೆಂದು ಮಗಳಿಗೂ ಪ್ರಮೀಳಾಳಿಗೂ ಎಷ್ಟೋ ಸಲ ಹೇಳಿದ್ದೇನೆ; ಪ್ರತಿಸಲವೂ ಮೇಜು ಸ್ವಲ್ಪ ದೊಡ್ಡದಾಗುತ್ತಿತ್ತು. ಎಸೆದ ಕಾಗದದಲ್ಲಿ ಒಂದು ಮಡಿಕೆಯೂ ಇಲ್ಲ! 'ವೈಯಕ್ತಿಕ ಕಾರಣಗಳಿಂದ' ಎಂದು ದುಂಡಗೆ ಬರೆದು, 'ತಮ್ಮ ಸಹಕಾರಕ್ಕೆ ಸದಾ ಕೃತಜ್ಞಳು' ಎಂದು ಮುಗಿಸಿದ್ದೇನೆ. ಸಹಕಾರ! ಎರಡು ವರ್ಷದ ಬಳಿಕ ಹೊಸಬಳಾಗಿ, ಹೊಸಬಳ ಸಂಬಳಕ್ಕೆ ಸೇರಿಸಿಕೊಂಡ ಸಹಕಾರ. ನನ್ನ ಅಂದದ ಬರವಣಿಗೆಯನ್ನು ಈ ನಡುವೆ ಎಷ್ಟು ಮಂದಿ ಬಸುರಿಯರ ಮುಂದೆ ಇಟ್ಟಿದ್ದರೋ.

"ಜಗಳ ಮಾಡಿದ್ದೆ ಅಂದಿದ್ದಿರಿ?" ಪ್ರಮೀಳಾ ಕೇಳಿದಳು.

"ಈಗ ಮಾಡುವ, ಮಾರಾಯ್ತಿ."

ರಜಾ ಅರ್ಜಿ ತಂದು ಇಬ್ಬರೂ ಭರ್ತಿ ಮಾಡಿದೆವು. ಚೌಕಕ್ಕೆ ಬಂದಾಗ ಅಭ್ಯಾಸಬಲದಿಂದ ನನ್ನ ಹೆಸರನ್ನೇ ಬರೆಯಹೊರಟೆ. ಒಂದಕ್ಷರ ಮೂಡಿಯೂ ಮೂಡಿತು. ಆಗ ಬಂದ ಸಿಟ್ಟು ಹದಿನೆಂಟು ವರ್ಷ ತಡವಾಗಿ ಬಂದದ್ದು. ಹೊಟ್ಟೆ ಹೊತ್ತವಳೇ ಬದಲಿಯನ್ನೂ ಹೊತ್ತು ತರಬೇಕೇ? ಶಾಲೆ ನಡೆಸುವುದು ಯಾರ ಕೆಲಸ? ಆ ಅಕ್ಷರವನ್ನು ಹೊಡೆದುಹಾಕಿ ಬರೆದೆ: 'ಸಂಚಾಲಕರು ಮಾಡತಕ್ಕದ್ದು.' ಕೆಳಗೆ ನಾನು ಸಹಿ ಹಾಕಿದೆ. ಸೀಮಂತದಲ್ಲಿ ಬಳೆ ತೊಡಿಸಿದ್ದ ಉಳಿದ ನಾಲ್ವರು ಟೀಚರುಗಳೂ ಹಾಕಿದರು. ಗುಮಾಸ್ತರು ಓದದೆಯೇ 'ಸ್ವೀಕರಿಸಿದೆ' ಎಂದು ಮೊಹರು ಒತ್ತಿದರು.

ಪ್ರಮೀಳಾ ಈಗ ಬಜಗೋಳಿಯಲ್ಲಿ ಎಡಮಗ್ಗುಲಾಗಿ ಮಲಗಿದ್ದಾಳೆ. ಮಂಜೂರಾತಿ ಇನ್ನೂ ಬಂದಿಲ್ಲ; ರಾಜೀನಾಮೆಯಂತೂ ಹೋಗಿಲ್ಲ. ಮಾದರಿ ಪತ್ರ ನನ್ನ ಚೀಲದಲ್ಲಿದೆ, ಕಡತಕ್ಕೆ ಮರಳುವುದಿಲ್ಲ. ಸಂಚಾಲಕರು ನನ್ನನ್ನು ಕರೆದು, "ಇದೆಂತ ಟೀಚರೇ, ಈ ಚೌಕದಲ್ಲಿ?" ಎಂದು ಕೇಳಿದರು. "ತವರುಮನೆಯವರ ಹೆಸರು, ಸರ್" ಎಂದೆ.

ಹಾಗೆಂದೆನೆಂದು ನನ್ನ ನೆನಪು. ನೀವು ಅದನ್ನು ನಂಬಬೇಡಿ. ಅರ್ಜಿಯ ಜೆರಾಕ್ಸ್ ಉಂಟು, ಮೊಹರು ಸಮೇತ. ಆ ಚೌಕವನ್ನು ನಂಬಿ.