ನನ್ನ ಫೈಲಿನಲ್ಲಿ ಅವನ ಕಾಲು

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ದೋಹಾದ ಒಂದು ಕನ್ಸಲ್ಟೆನ್ಸಿಯಲ್ಲಿ ನಾನು ಟೈಪಿಸ್ಟ್. ದೇಶದಲ್ಲಿರುವ ಎಲ್ಲರ ಚಿಕಿತ್ಸೆಯ ಖರ್ಚನ್ನೂ ಸರ್ಕಾರವೊಂದೇ ಭರಿಸುವ ಕಾನೂನು ತಂದರೆ ನಡೆದೀತೇ ಎಂದು ಪರಿಶೀಲಿಸುವ ವರದಿಯನ್ನು ನಮ್ಮ ಆಫೀಸು ತಯಾರಿಸುತ್ತಿತ್ತು. ಕರಡನ್ನು ಎಷ್ಟು ಸಲ ಟೈಪ್ ಮಾಡಿದೆನೋ! ‘ಒಬ್ಬರಿಗೆ ಒಂದು ಕಾರ್ಡು, ಒಂದು ಕಾರ್ಡಿಗೆ ಒಂದು ಫೈಲು’ ಎಂಬ ಸಾಲು ಬಾಯಿಪಾಠವಾಗಿತ್ತು. ರೆಸಿಡೆನ್ಸ್ ಪರ್ಮಿಟ್ ಇಲ್ಲದವರನ್ನೂ ಸೇರಿಸಬೇಕಲ್ಲವೇ ಎಂದು ಒಮ್ಮೆ ಬಾಸನ್ನು ಕೇಳಿದ್ದೆ. ಲಿಸ್ಟಿನಲ್ಲಿ ಇಲ್ಲದವರು ಇಲ್ಲವೇ ಇಲ್ಲ, ಖಲಾಸ್ ಎಂದಿದ್ದರು.

ಕೇಳಲು ಕಾರಣ ನನ್ನ ರೂಮ್‌ಮೇಟ್. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಕೋಣೆಯಲ್ಲಿ ನಾವಿಬ್ಬರೇ. ನಾನು ಉಡುಪಿ ಕಡೆಯವನು, ಅವನು ಬಾಗಲಕೋಟೆ ಕಡೆಯ ವೆಲ್ಡರ್. ಅವನ ಕಂಪನಿ ಪರ್ಮಿಟ್ ಮಾಡಿಸದೆ ಸತಾಯಿಸುತ್ತಿತ್ತು. ಪರ್ಮಿಟ್ ಇಲ್ಲದವನಿಗೆ ಹೆಲ್ತ್ ಕಾರ್ಡ್ ಇಲ್ಲ. ಅಷ್ಟರಲ್ಲಿ ಅವನ ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆಯವನ ಹುಣ್ಣು, ಸುಮ್ಮನೆ ಬಿಡುವಂಥದ್ದಲ್ಲ.

“ಅಣ್ಣಾರ, ನಿಮ್ಮ ಕಾರ್ಡ್ ಕೊಡ್ರಿ. ನಿಮ್ಮ ಹೆಸರ್ಲೇ ತೋರಿಸ್ಕೊಂಡ್ ಬರ್ತೀನಿ,” ಎಂದ.

ಕೊಟ್ಟೆ. ಬ್ಯಾಚುಲರ್ ಕೋಣೆಗಳಲ್ಲಿ ಇಸ್ತ್ರಿಪೆಟ್ಟಿಗೆಯಂತೆ ಕಾರ್ಡೂ ಕೈಯಿಂದ ಕೈಗೆ ಹೋಗುವುದು ಹೊಸದೇನಲ್ಲ. ಇಬ್ಬರಿಗೂ ಮೀಸೆ, ಕನ್ನಡಕ; ಕೌಂಟರಿನವನು ತಲೆಯೆತ್ತಿಯೂ ನೋಡಲಿಲ್ಲವಂತೆ. ವಾರಕ್ಕೆರಡು ಸಲ ನನ್ನ ಹೆಸರಿನಲ್ಲಿ ಅವನ ಕಾಲಿಗೆ ಡ್ರೆಸಿಂಗ್ ಆಗತೊಡಗಿತು. ರಜೆಯ ದಿನವಾದ ಶುಕ್ರವಾರ ನಾನು ಇಗರ್ಜಿಯಿಂದ ಬರುವಷ್ಟರಲ್ಲಿ ಜೋಳದ ರೊಟ್ಟಿ ತಟ್ಟಿಟ್ಟಿರುತ್ತಿದ್ದ. “ಡಾಕ್ಟರ್ ನಿಮಗ ಸಕ್ಕರಿ ಬ್ಯಾಡ ಅಂದಾರ್ರಿ,” ಎಂದು ನಗುತ್ತ ನನಗೂ ಸಪ್ಪೆ ಚಹಾ ಕೊಡುತ್ತಿದ್ದ. ಹುಣ್ಣು ನಿಧಾನವಾಗಿ ಒಣಗುತ್ತಿತ್ತು.

ಆಮೇಲೆ ಒಂದು ದಿನ, ಬೇರೆಯವರ ಕಾರ್ಡ್ ಬಳಸಿದರೆ ಇಬ್ಬರನ್ನೂ ಗಡೀಪಾರು ಮಾಡಬೇಕೆಂಬ ಸಲಹೆಯ ಪುಟ ನನ್ನ ಮೇಜಿಗೆ ಬಂತು. ಇನ್ನೂ ಕಾನೂನಾಗದ, ಬರೀ ಕರಡು. ಆದರೂ ಸಂಜೆ ಕೋಣೆಗೆ ಬಂದವನೇ ಕಾರ್ಡ್ ವಾಪಸು ಕೇಳಿದೆ. ಅವನು ದಿಂಬಿನಡಿಯಿಂದ ತೆಗೆದು, ಅಂಗಿಯಲ್ಲಿ ಒರೆಸಿ ಕೊಟ್ಟ. ಅಷ್ಟು ಪುಕ್ಕಲ ನಾನು.

ಎರಡು ತಿಂಗಳಿಗೆ ಕಾಲು ಬಾತು ಕಪ್ಪಾಯಿತು. ಕಂಪನಿಯವರು ಅವನನ್ನು ಊರಿಗೆ ಹಾಕಿ ಕೈತೊಳೆದುಕೊಂಡರು. ಫೋನ್ ಮಾಡಿದಾಗ ಅವನ ಹೆಂಡತಿ ಎತ್ತಿ, ಪಾದ ತೆಗೆದರು ಎಂದಳು. ಅವನು ಫೋನಿಗೆ ಬರಲಿಲ್ಲ. ಅವನ ಮಂಚಕ್ಕೆ ಇನ್ನೊಬ್ಬರನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ. ಶುಕ್ರವಾರಗಳಲ್ಲಿ ಆ ಕೋಣೆಯಲ್ಲಿ ಮಾತಾಡುತ್ತಿದ್ದುದು ಏಸಿ ಒಂದೇ. ಸಕ್ಕರೆ ಡಬ್ಬ ತುಂಬಿಯೇ ಇತ್ತು, ನಾನು ಸಪ್ಪೆ ಚಹಾವನ್ನೇ ಕುಡಿಯುತ್ತಿದ್ದೆ.

ಆ ಚಳಿಗಾಲದಲ್ಲಿ ಕೆಮ್ಮೆಂದು ಅದೇ ಕ್ಲಿನಿಕ್ಕಿಗೆ ಹೋದೆ. ಹೊಸ ಡಾಕ್ಟರಮ್ಮ. ಫೈಲು ಬಿಡಿಸಿ, ಡ್ರೆಸಿಂಗಿಗೆ ಬರುವುದನ್ನು ಯಾಕೆ ನಿಲ್ಲಿಸಿದಿರಿ, ಕಾಲು ಹೇಗಿದೆ ಎಂದು ಕೇಳಿದರು. ಎಷ್ಟೋ ತಿಂಗಳುಗಳಿಂದ ನನ್ನನ್ನು ಯಾರೂ ಹಾಗೆ ವಿಚಾರಿಸಿರಲಿಲ್ಲ. ಎಡಗಾಲಿನ ಬೂಟು, ಕಾಲುಚೀಲ ಬಿಚ್ಚಿದೆ.

ಅವರು ಹೆಬ್ಬೆರಳನ್ನು ಒತ್ತಿ ನೋಡಿ, ಗುರುತೂ ಉಳಿದಿಲ್ಲ, ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ಮೆಚ್ಚಿದರು. ಪೂರ್ತಿ ವಾಸಿಯಾಗಿದೆ ಎಂದು ಫೈಲಿನಲ್ಲಿ ಬರೆದರು. ನಾನು ಥ್ಯಾಂಕ್ಯೂ ಡಾಕ್ಟರ್ ಎಂದೆ.